ಸೇತುವೆ ದುರಸ್ತಿಯಲ್ಲಿದೆ

ಮೊನ್ನೆ ನಮ್ಮ ಮನೆಯ ಗೋಡೆಗಡಿಯಾರವನ್ನು ತರಲು ರಿಪೇರಿ ಅಂಗಡಿಗೆ ಹೋಗಿದ್ದೆ. ಅದು ಮಾವನವರು ಮದುವೆಯಲ್ಲಿ ಕೊಟ್ಟದ್ದು. ಹೊತ್ತು ತೋರಿಸುವುದಕ್ಕಿಂತ ಮಾವನವರನ್ನು ನೆನಪಿಸುವ ಕೆಲಸವನ್ನೇ ಹೆಚ್ಚು ನಿಷ್ಠೆಯಿಂದ ಮಾಡಿಕೊಂಡು ಬಂದಿದೆ. ಅಂಗಡಿಯವನು ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಡುತ್ತ, "ದುರಸ್ತ ಐತ್ರಿ ಸರ, ಬೇಫಿಕೀರ ಒಯ್ರಿ" ಎಂದ.

ನಾನು ಒಯ್ಯಲಿಲ್ಲ. ಅದನ್ನು ಮತ್ತೆ ಅವನ ಮುಂದೆಯೇ ಇಟ್ಟು, "ದುರಸ್ತ ಅಂದ್ರ ಏನು? ಕೆಟ್ಟೈತೋ, ಸುದ್ದ ಆಗೇತೋ? ಬ್ಯಾರೆ ಮಾತಿನ್ಯಾಗ ಹೇಳು" ಎಂದೆ.

ಅವನು ಒಂದು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ನನ್ನನ್ನು ನೋಡಿದ. ನನ್ನೊಳಗೆ ಯಾವ ಸ್ಪ್ರಿಂಗು ಸಡಿಲಾಗಿದೆ ಎಂದು ಹುಡುಕುವವನ ಹಾಗೆ ನೋಡಿದ.

ನಿಮಗೆ ನಗು ಬರಬಹುದು. ಹಾವಿಗೆ ಹೆದರುವವರನ್ನು ನೀವು ಕಂಡಿದ್ದೀರಿ, ಹೆಂಡತಿಗೆ ಹೆದರುವವರನ್ನೂ ಕಂಡಿದ್ದೀರಿ, ನಿಘಂಟಿನ ಒಂದು ಶಬ್ದಕ್ಕೆ ಹೆದರುವವನನ್ನು ಕಂಡಿರಲಿಕ್ಕಿಲ್ಲ. ಅದೂ ಬಿ.ಎ.ದಲ್ಲಿ ಐಚ್ಛಿಕ ಕನ್ನಡ ಓದಿದವನನ್ನು. ಆದರೆ ಆ ಒಂದು ಶಬ್ದವನ್ನು ನಂಬಿ ಒಂದು ಬಸ್ಸು ತುಂಬ ಜನ ಹಳ್ಳದ ಮೇಲೆ ನೇತಾಡಿದ್ದನ್ನು ನಾನು ಒಳಗೆ ಕುಳಿತು ನೋಡಿದ್ದೇನೆ. ಇಷ್ಟು ವರ್ಷಗಳಾದರೂ ಕಣ್ಣು ಮುಚ್ಚಿದರೆ ಆ ಬಸ್ಸು ಎಡಕ್ಕೇ ವಾಲಿರುತ್ತದೆ.

ಹಾನಗಲ್ಲಿನಿಂದ ತಿಳವಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳ. ಹಳ್ಳ ಈಗಲೂ ಇದೆ, ನಾನು ಹೇಳುವ ಸೇತುವೆ ಇಲ್ಲ. ಬ್ರಿಟಿಷರ ಕಾಲದ ಕಲ್ಲಿನ ಕಮಾನು ಸೇತುವೆ ಅದು. ನಡುವೆ ಗೂನು, ಎರಡೂ ಕಡೆ ಇಳಿಜಾರು. ಕಟ್ಟಿದವರು ಎತ್ತಿನ ಬಂಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿ, ತಮ್ಮ ದೇಶಕ್ಕೆ ಹೋಗಿಬಿಟ್ಟಿದ್ದರು. ಆಮೇಲೆ ಬಸ್ಸು ಬಂತು, ಲಾರಿ ಬಂತು, ಭತ್ತದ ಹೊಟ್ಟಿನ ಗುಡ್ಡ ಹೊತ್ತ ಟ್ರ್ಯಾಕ್ಟರು ಬಂತು. ಎಡಬದಿಯ ಗೋಡೆ ಯಾವುದೋ ಒಂದು ಮಳೆಗಾಲ ಹಳ್ಳಕ್ಕೆ ಬಿದ್ದಿತು. ಬಲಬದಿಯ ಗೋಡೆ ಮೇಲೆ ಆಡುಗಳು ಮಲಗುತ್ತಿದ್ದುದರಿಂದ ಉಳಿದಿತ್ತು ಎಂದು ನಮ್ಮಲ್ಲಿ ಕೆಲವರ ಅಭಿಪ್ರಾಯ.

ಆ ಸೇತುವೆಗೆ ಒಂದು ಪದ್ಧತಿ ಇತ್ತು. ಹಳ್ಳ ಹತ್ತಿರ ಬಂದೊಡನೆ ಕಂಡಕ್ಟರ್ ಫಕ್ಕೀರಪ್ಪ ಬಾಗಿಲ ತಗಡನ್ನು ಬಡಿದು, "ಹಳ್ಳ ಬಂತು, ಇಳೀರಿ" ಎನ್ನುತ್ತಿದ್ದ. ಎಲ್ಲರೂ ಇಳಿದು ನಡೆದು ಸೇತುವೆ ದಾಟಬೇಕು. ನಾವು ದಾಟಿದ ಮೇಲೆ ಖಾಲಿ ಗಾಡಿ, ಮುಳ್ಳು ತುಳಿದ ಎಮ್ಮೆಯ ಹಾಗೆ ಹೆಜ್ಜೆ ನೋಡಿ ಇಡುತ್ತ ಬರಬೇಕು. ಆಚೆ ದಂಡೆಯಲ್ಲಿ ಮತ್ತೆ ಹತ್ತಬೇಕು. ಸೇತುವೆ ಜನರನ್ನು ಹೊರುತ್ತದೆ, ಬಸ್ಸನ್ನೂ ಹೊರುತ್ತದೆ, ಎರಡನ್ನೂ ಕೂಡಿಸಿ ಹೊರುವುದಿಲ್ಲ ಎಂಬುದು ನಂಬಿಕೆ. ಅತ್ತೆ ಸೊಸೆ ಇಬ್ಬರನ್ನೂ ಒಂದೇ ಅಡಿಗೆಮನೆ ಹೊರುವುದಿಲ್ಲವಲ್ಲ, ಹಾಗೆ. ಈ ಕಾಯದೆಯನ್ನು ಯಾರು ಮಾಡಿದರೋ ತಿಳಿಯದು. ಆದರೆ ಸರಕಾರದ ಯಾವ ಕಾಯದೆಯನ್ನೂ ನಮ್ಮ ಜನ ಇಷ್ಟು ಶ್ರದ್ಧೆಯಿಂದ ಪಾಲಿಸಿದ್ದನ್ನು ನಾನು ಕಂಡಿಲ್ಲ.

ಅದರಿಂದ ಲಾಭಗಳೂ ಇದ್ದವು. ಹಾನಗಲ್ಲಿನಿಂದ ನಿಂತುಕೊಂಡೇ ಬಂದವರು ಆಚೆ ದಂಡೆಗೆ ಓಡಿಹೋಗಿ ಮೊದಲು ಹತ್ತಿ ಸೀಟು ಹಿಡಿಯುತ್ತಿದ್ದರು. ಹಳ್ಳದವರೆಗೆ ಒಂದು ಸರಕಾರ, ಹಳ್ಳ ದಾಟಿದ ಮೇಲೆ ಇನ್ನೊಂದು. ಎಲ್ಲರೂ ಇಳಿಯುವ ಜಾಗವೆಂದು ಅಲ್ಲೊಂದು ಚಹಾದ ಗುಡಿಸಲು ಹುಟ್ಟಿತು. ನಡೆದು ದಾಟುವಾಗ ಮಾತು ಬೆಳೆದು ಎರಡು ಮನೆಗಳ ನಡುವೆ ಲಗ್ನ ಗೊತ್ತಾದದ್ದೂ ಉಂಟು. ನಾನಂತೂ ಚಿಕ್ಕವನಿದ್ದಾಗ ಜಗತ್ತಿನ ಎಲ್ಲ ಸೇತುವೆಗಳನ್ನೂ ಇಳಿದೇ ದಾಟಬೇಕೆಂದು ತಿಳಿದಿದ್ದೆ. ಮೊದಲ ಸಲ ಅಪ್ಪನ ಜೊತೆ ದೂರದ ಊರಿಗೆ ಹೋದಾಗ ನಮ್ಮ ಬಸ್ಸು ಒಂದು ಸೇತುವೆ ಮೇಲೆ ನಿಲ್ಲದೆ ನುಗ್ಗಿಬಿಟ್ಟಿತು. "ಇಳಸ್ರಿ, ಇಳಸ್ರಿ" ಎಂದು ನಾನು ಹೊಡೆದ ಬೊಬ್ಬೆಗೆ ಮಲಗಿದ್ದವರೆಲ್ಲ ಎದ್ದರು. ಅಪ್ಪ ನನ್ನ ಬಾಯಿ ಮುಚ್ಚಿ, "ಸುಮ್ಮನಿರೋ, ಇದು ಕುಂತ ದಾಟೋ ಸೇತುವಿ" ಎಂದ. ಸೇತುವೆಗಳಲ್ಲಿ ಎರಡು ಜಾತಿ ಎಂದು ನನಗೆ ತಿಳಿದದ್ದು ಅಂದೇ.

ರಿಪೇರಿ ಆಗುತ್ತಲೇ ಇರಲಿಲ್ಲ ಎಂದು ಹೇಳಿದರೆ ಅನ್ಯಾಯವಾದೀತು. ದೊಡ್ಡವರು ಯಾರಾದರೂ ಆ ದಾರಿಯಲ್ಲಿ ಬರುವುದಿದ್ದರೆ ಉಳಿದ ಗೋಡೆಗೆ ಸುಣ್ಣ ಹೊಡೆಯುತ್ತಿದ್ದರು. ಸುಣ್ಣ ಹೊಡೆದ ಮರುದಿನ ಸೇತುವೆ ಹತ್ತು ವರ್ಷ ಚಿಕ್ಕದಾಗಿ ಕಾಣುತ್ತಿತ್ತು. ಮುದುಕರು ಹೊಸ ಪಟಗಾ ಸುತ್ತಿಕೊಂಡಾಗ ಕಾಣುವುದಿಲ್ಲವೆ? ಒಮ್ಮೆ ಚುನಾವಣೆಗೆ ನಿಂತಿದ್ದ ಮಹನೀಯರೊಬ್ಬರು ಸೇತುವೆಯ ಗೂನಿನ ಮೇಲೆಯೇ ನಿಂತು ಭಾಷಣ ಮಾಡಿ, ಗೆದ್ದರೆ ಇದನ್ನು ಕಬ್ಬಿಣದಷ್ಟು ಗಟ್ಟಿ ಮಾಡಿಸುವುದಾಗಿ ಮಾತು ಕೊಟ್ಟರು. ಅವರ ಜೀಪು ಮಾತ್ರ ಭಾಷಣ ಮುಗಿಯುವ ತನಕ ದಂಡೆಯ ಮೇಲೆಯೇ ಇತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. ಆ ಬೇಸಿಗೆಯಲ್ಲಿ ನಿಜವಾಗಿಯೂ ಹಣ ಮಂಜೂರಾಯಿತು. ಸೇತುವೆ ಪಕ್ಕ ಖಡಿಯ ರಾಶಿ ಬಿತ್ತು, ಉಸುಕಿನ ರಾಶಿ ಬಿತ್ತು, ಗೋಡೆ ಕಟ್ಟುವ ದೊಡ್ಡ ಕಲ್ಲುಗಳು ಬಂದವು, ಡಾಂಬರಿನ ಪೀಪಾಯಿಗಳು ಬಂದವು. ಕೆಲಸದವರು ಗೂನಿನ ಹತ್ತಿರ ರಸ್ತೆಯನ್ನು ಅಗೆದರು, ಮಳೆ ಬಂತೆಂದು ಮಣ್ಣು ತುಂಬಿ ಮುಚ್ಚಿದರು, ಪಂಚಮಿ ಬಂತೆಂದು ಊರಿಗೆ ಹೋದರು. ಹೋಗುವ ಮುನ್ನ ದಂಡೆಯ ಜಾಲಿ ಗಿಡಕ್ಕೆ ಒಂದು ಹೊಸ ಬೋರ್ಡು ಕಟ್ಟಿದರು. ಬಿಳಿ ತಗಡಿನ ಮೇಲೆ ಕೆಂಪು ಅಕ್ಷರ. ಒಂದೇ ಸಾಲು. ಅದೇ ಈ ಪ್ರಬಂಧದ ತಲೆಯ ಮೇಲಿರುವ ಸಾಲು.

ಪಂಚಮಿ ಮುಗಿದ ಮಾರನೆಯ ದಿನ ನಾನೂ ದೊಡ್ಡವ್ವನೂ ತಿಳವಳ್ಳಿಗೆ ಹೊರಟಿದ್ದೆವು. ದೊಡ್ಡವ್ವ ಎಂದರೆ ನಮ್ಮ ಅವ್ವನ ಅಕ್ಕ. ಅವಳ ಮಗಳು ಗಿರಿಜಕ್ಕನಿಗೆ ತಿಳವಳ್ಳಿಯ ಗಂಡನ ಮನೆಯಲ್ಲಿ ಅಂದು ಕುಬಸ. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ ಕುಬಸ ಉಡಿಸಿ, ಬಗೆಬಗೆಯ ಬುತ್ತಿ ಉಣಿಸುವ ದಿನ. ಬುತ್ತಿಯ ಬುಟ್ಟಿ ದೊಡ್ಡವ್ವನ ತೊಡೆಯ ಮೇಲೆ, ಸೀರೆಯ ಗಂಟು ನನ್ನ ತೊಡೆಯ ಮೇಲೆ. ಗಾಡಿ ಖಾಸಗಿ ಸರ್ವೀಸಿನದು. ಅದರ ವಯಸ್ಸನ್ನು ಕೇಳಬಾರದು. ನಮಗೆ ಸಿಕ್ಕಿದ್ದು ಹಿಂದಿನ ಸೀಟು, ಎಡಗಡೆ, ಗಾಲಿಯ ಮೇಲೆಯೇ. ಡ್ರೈವರ್ ಗುಡ್ಡಪ್ಪ ತೆಳ್ಳಗಿನ ಮನುಷ್ಯ, ಮಾತಿಲ್ಲ. ಹತ್ತುವಾಗ ದೊಡ್ಡವ್ವ ಅವನನ್ನು ನೋಡಿ, "ಏನ್ ಮಾರಿ ಗಂಟ ಹಾಕ್ಕೊಂಡಾನೋ ಇಂವಾ. ಕುಬಸಕ್ಕ ಹೊಂಟೇವಿ, ನಕ್ಕೊಂತ ಗಾಡಿ ಹೊಡೀಬಾರದ?" ಎಂದಿದ್ದಳು, ಅವನಿಗೆ ಕೇಳುವ ಹಾಗೆಯೇ.

ಎಲ್ಲಕ್ಕೂ ಮುಂದಿನ ಸೀಟಿನಲ್ಲಿ ಸವಣೂರಿನ ಮೌಲಾಸಾಬರಿದ್ದರು. ಸವಣೂರಿನ ವೀಳ್ಯದೆಲೆ ಹೇರಿಕೊಂಡು ಶಿಗ್ಗಾವಿ, ಹಾನಗಲ್ಲ ದಾಟಿ ಹಿರೇಕೆರೂರಿನವರೆಗೆ ಹೋಗಿ ಮಾರುವವರು. ಘನವಾದ ಶರೀರ. ಅವರು ಕುಳಿತರೆ ಸೀಟಿನಲ್ಲಿ ಇನ್ನೊಬ್ಬರು ಕೂಡಲಾಗುತ್ತಿರಲಿಲ್ಲ. ಆದರೆ ಅದಕ್ಕಾಗಿ ಪಕ್ಕದಲ್ಲಿ ನಿಂತವರಿಗೆ ಎಲೆ ಅಡಿಕೆ ಕೊಟ್ಟು ಸಮಾಧಾನ ಮಾಡುತ್ತಿದ್ದರು.

ಜಿಟಿಜಿಟಿ ಮಳೆ. ಹಳ್ಳ ಬಂತು. ಫಕ್ಕೀರಪ್ಪ ತಗಡು ಬಡಿದ. ಯಾರೂ ಏಳಲಿಲ್ಲ. ಹೊಸ ಬೋರ್ಡು ಎಲ್ಲರಿಗೂ ಕಂಡಿತ್ತು. ಫಕ್ಕೀರಪ್ಪ ತಲೆ ಹೊರಗೆ ಹಾಕಿ ಅಕ್ಷರ ಕೂಡಿಸಿ ಓದಿದ.

"ಸೇತುವೆ ದುರಸ್ತಿಯಲ್ಲಿದೆ. ಹಂಗಂದ್ರೇನ್ರಿ ಸಾಬರ?"

ಶಬ್ದ ಉರ್ದುವಿನದೆಂದು ಅವನು ಸಾಬರನ್ನೇ ಕೇಳಿದ್ದು ತಪ್ಪಲ್ಲ. ಸಾಬರೂ ಎಲೆಗೆ ಸುಣ್ಣ ಹಚ್ಚುತ್ತಲೇ ಉತ್ತರ ಕೊಟ್ಟರು. "ದುರುಸ್ತ ಅಂದ್ರ ಬರೋಬ್ಬರಿ. ಗಟ್ಟಿಮುಟ್ಟ. ತಬ್ಯೇತ ದುರುಸ್ತ ಐತೇನ್ರಿ ಅಂತ ಕೇಳೂದಿಲ್ಲೇನು? ಸೇತುವಿ ತಬ್ಯೇತ ಚಲೋ ಐತಿ ಅಂತ ಬರದಾರ."

ಬಸ್ಸಿನಲ್ಲಿ ಒಂದು ನೆಮ್ಮದಿಯ ಉಸಿರು ಹರಿದಾಡಿತು. ಐಚ್ಛಿಕ ಕನ್ನಡದವನಾಗಿ ನಾನು ಸುಮ್ಮನಿರುವುದು ಸಾಧ್ಯವಿರಲಿಲ್ಲ. ಹಿಂದಿನ ಸೀಟಿನಿಂದಲೇ ಎದ್ದು, "ಅಲ್ರಿ, ದುರಸ್ತಿ ಅಂದ್ರ ರಿಪೇರಿ. ಸೇತುವಿ ರಿಪೇರಿ ಮಾಡಾಕತ್ತಾರ ಅಂತ ಅದರ ಅರ್ಥ" ಎಂದೆ.

"ರಿಪೇರಿ ಮಾಡಾಕತ್ತಿದ್ರ ಮಾಡೋರು ಎಲ್ಲಿ ಅದಾರ?" ದೊಡ್ಡವ್ವ ಕೇಳಿದಳು. ಇಡೀ ಬಸ್ಸು ಕಿಟಕಿಯಿಂದ ಹೊರಗೆ ನೋಡಿತು. ಒಬ್ಬನೂ ಇರಲಿಲ್ಲ.

"ಅವರು ಪಂಚಮಿಗೆ ಹೋಗ್ಯಾರ."

"ಕೆಲಸಾ ಮುಗಿದೈತಿ, ಅದಕ್ಕ ಹೋಗ್ಯಾರ. ಕೆಲಸಾ ಬಿಟ್ಟ ಯಾರರ ಪಂಚಮಿ ಜೋಕಾಲಿ ಆಡಾಕ ಹೋಗ್ತಾರ?"

ಫಕ್ಕೀರಪ್ಪ ಇನ್ನೂ ದೊಡ್ಡ ಪಾಯಿಂಟು ಹಾಕಿದ. "ತಮ್ಮಾರ, ಹಿಂಗ ನೋಡ್ರಿ. ಇಷ್ಟ ವರ್ಷ ಸೇತುವಿ ಕೆಟ್ಟಿತ್ತು. ಆಗ ಬೋರ್ಡ್ ಇತ್ತೇನು? ಇಲ್ಲ. ಕೆಟ್ಟದ್ದನ್ನ ಸರಕಾರ ಎಲ್ಲ್ಯಾರ ಬೋರ್ಡ್ ಹಾಕಿ ಹೇಳಿದ್ದು ಕೇಳೀರೇನು? ಈಗ ಬೋರ್ಡ್ ಹಾಕ್ಯಾರ ಅಂದ್ರ ಸುದ್ದ ಆಗೇತಿ ಅಂತ."

"ಆದರ ದುರಸ್ತಿಯಲ್ಲಿ ಅಂತ ಐತಿ. ಸುದ್ದ ಆಗಿದ್ದರ ದುರಸ್ತಿಯಾಗಿದೆ ಅಂತ ಬರೀತಿದ್ರು. ಅಲ್ಲಿ ಸಪ್ತಮೀ ವಿಭಕ್ತಿ…"

ಸಾಬರು ಹಿಂದಕ್ಕೆ ತಿರುಗಿ, ಸಣ್ಣವನಿಗೆ ಹೇಳುವ ಹಾಗೆ ಪ್ರೀತಿಯಿಂದ ಹೇಳಿದರು. "ತಮ್ಮಾ, ಆರಾಮದಾಗ ಅದೇನಿ ಅಂತೀವಿ. ಆರಾಮದಾಗ. ಹಂಗ, ದುರಸ್ತಿನ್ಯಾಗ ಐತಿ. ಮುಗೀತು."

ನಾನು ಕುಳಿತೆ. ಇಂದಿಗೂ ಎಷ್ಟೋ ಸಲ ಮೈ ಬೆವರಿ ಎಚ್ಚರವಾದಾಗ ನಾನು ಹಾಸಿಗೆಯಲ್ಲಿ ಕುಳಿತು ಆ ಸಪ್ತಮಿಯ ಜೊತೆಗೇ ಜಗಳವಾಡುತ್ತಿರುತ್ತೇನೆ.

ಗುಡ್ಡಪ್ಪ ಅಷ್ಟು ಹೊತ್ತಿನಲ್ಲಿ ಒಂದೇ ಮಾತಾಡಿದ. "ಇಳೀತೀರೋ, ಹೋಗ್ಲ್ಯೋ?"

"ಹೊಡೀರಿ, ಹೊಡೀರಿ" ಎಂದರು ಎಲ್ಲರೂ.

ಏರು ಹತ್ತುವಾಗ ಎಲ್ಲರ ಮುಖದಲ್ಲೂ ಒಂದು ಹಿಗ್ಗಿತ್ತು. ಜೀವಮಾನದಲ್ಲಿ ಮೊದಲ ಸಲ ಆ ಸೇತುವೆಯನ್ನು ಕುಳಿತು ದಾಟುವ ಹಿಗ್ಗು. ದೊಡ್ಡವ್ವ ಸೆರಗು ಸರಿಮಾಡಿಕೊಂಡಳು. ಯಾರೋ, "ಮೇಲಿಂದ ಹಳ್ಳ ಚಂದ ಕಾಣ್ತತಿ ನೋಡ್ರಿ" ಎಂದರು. ಅಷ್ಟರಲ್ಲಿ ನನ್ನ ಕೆಳಗೆ, ತುಂಬಿದ ಹಂಡೆಯನ್ನು ನೆಲಕ್ಕೆ ಕುಕ್ಕಿದಂತೆ ಒಂದು ಸಪ್ಪಳವಾಯಿತು. ಎಡಗಡೆಯ ಹಿಂದಿನ ಗಾಲಿ ಹೊಸ ಮಣ್ಣಿನೊಳಗೆ ಇಳಿಯಿತು. ಇಳಿಯುತ್ತಲೇ ಹೋಯಿತು. ಬಸ್ಸು ಗೋಡೆಯಿಲ್ಲದ ಕಡೆಗೆ ವಾಲಿತು. ನನ್ನ ಕಿಟಕಿಯಲ್ಲಿ ಇದ್ದ ಆಕಾಶ ಮೇಲಕ್ಕೆ ಸರಿದುಹೋಗಿ, ಆ ಜಾಗದಲ್ಲಿ ಕೆಂಪು ನೀರು ಬಂದು ನಿಂತಿತು. ಒಂದು ಹಸಿ ಟೊಂಗೆ ಆ ನೀರಿನಲ್ಲಿ ಸುತ್ತುತ್ತ ಹೋದದ್ದು ನನಗೆ ಇಂದಿಗೂ ಎಲೆ ಎಲೆ ನೆನಪಿದೆ.

ಇಂಜಿನ್ ಬಂದಾಯಿತು. ಮಳೆಯ ಸಪ್ಪಳ ಮಾತ್ರ ಕೇಳುತ್ತಿತ್ತು. ಆಮೇಲೆ ಗುಡ್ಡಪ್ಪನ ದನಿ, ತೀರ ಮೆಲ್ಲಗೆ.

"ಯಾರೂ ಅಳ್ಳಾಡಬ್ಯಾಡ್ರಿ. ಹ್ಯಾಂಡ್ ಬ್ರೇಕ್ ಹಿಡಿಯೂದಿಲ್ಲ. ಗೇರನ್ಯಾಗೂ ನಿಲ್ಲೂದಿಲ್ಲ ಈ ಗಾಡಿ. ಕಾಲಾಗ ಹಿಡದೇನಿ. ಕಾಲ ತಗದ್ನೆಂದ್ರ ಹಿಂದಕ್ಕ ಉಳ್ಳಿ ಹಳ್ಳಕ್ಕ ಹೋಗ್ತೇವಿ."

ಬಸ್ಸಿನ ಬಾಗಿಲು ಎಡಗಡೆ. ಅದನ್ನು ತೆರೆದರೆ ಇಳಿಯುವುದು ಹಳ್ಳಕ್ಕೆ. ಉಳಿದದ್ದು ಬಲಗಡೆ ಡ್ರೈವರನ ಬಾಗಿಲು ಒಂದೇ. ಆಗಿನ ಆ ಗಾಡಿಯಲ್ಲಿ ಡ್ರೈವರನಿಗೂ ಜನರಿಗೂ ನಡುವೆ ಅಡ್ಡಗಂಬಿ ಇರಲಿಲ್ಲ. ಮುಂದೆ ಕುಳಿತವರು ಏಳಹೊರಟರು. ಬಸ್ಸು ಹಿಂದಕ್ಕೆ ಒಂದು ನರಳು ನರಳಿತು. ಎಲ್ಲರೂ ಎದ್ದಷ್ಟೇ ವೇಗದಲ್ಲಿ ಕುಳಿತರು.

"ಮುಂದಿನವರು ಹೋದ್ರ ಹಿಂದ ಭಾರ ಆಕ್ಕೈತಿ" ಎಂದ ಫಕ್ಕೀರಪ್ಪ. "ಹಿಂದಿನವರು ಮೊದಲ. ಸಾಬರ, ನೀವು ಕಡೀಕ."

"ನನಗ ಗೊತ್ತೈತಿ" ಎಂದರು ಸಾಬರು. "ನಾ ಕುಂದ್ರತೇನಿ. ಅಲ್ಲಾ ಈ ಮೈ ಯಾಕ ಕೊಟ್ಟಾನಂತ ಇಷ್ಟ ದಿವಸ ತಿಳಿದಿದ್ದಿಲ್ಲ."

"ಶಬ್ದ ನಿಮ್ಮದ ಅಲ್ಲೇನ್ರಿ ಸಾಬರ?" ಯಾರೋ ಹಲ್ಲು ಕಡಿದರು.

"ಶಬ್ದ ನಮ್ಮದು. ಬರದಾಂವ ನಮ್ಮಾಂವ ಅಲ್ಲ."

ಹೀಗೆ ಹಿಂದಿನವರು ಮೊದಲು ಎಂದಾಯಿತು. ಎಲ್ಲರಿಗಿಂತ ಹಿಂದಿದ್ದವರು ನಾವಿಬ್ಬರು. ನಾನು ದೊಡ್ಡವ್ವನ ಕೈ ಹಿಡಿದು ಎಬ್ಬಿಸಿದೆ. ವಾಲಿದ ಬಸ್ಸಿನಲ್ಲಿ ಗುಡ್ಡ ಹತ್ತುವಂತೆ ಸೀಟು ಸೀಟು ಹಿಡಿದು ಮುಂದೆ ಬಂದೆವು. ಬುಟ್ಟಿ ಬಿಡು ಎಂದರೆ ಅವಳು ಬಿಡಲಿಲ್ಲ. ಡ್ರೈವರನ ಹತ್ತಿರ ಬಂದು ನಿಂತಳು. ನಿಂತೇಬಿಟ್ಟಳು.

ಗುಡ್ಡಪ್ಪನ ಎರಡೂ ಕೈ ಸ್ಟೇರಿಂಗಿನ ಮೇಲೆ. ಬಲಗಾಲು ಕಂಬದಂತೆ ಬ್ರೇಕಿನ ಮೇಲೆ. ಅವನಿಗೂ ಸೀಟಿನ ಹಿಂಬದಿಗೂ ನಡುವೆ ಜಾಗವಿಲ್ಲ. ಬಾಗಿಲು ತಲುಪಬೇಕಾದರೆ ಅವನ ತೊಡೆಯ ಮೇಲೆ ಹಾಯ್ದೇ ಹೋಗಬೇಕು.

"ಇದೇನಿದು?" ದೊಡ್ಡವ್ವ ಹೇಳಿದಳು. "ಪರ ಗಂಡಸರ ತೊಡಿ ಮ್ಯಾಲ ಹಾಯ್ದ ಹೋಗಂತೀರೇನು? ನಾ ಒಲ್ಲೆ."

"ದೊಡ್ಡವ್ವಾ, ನಡಿ" ಎಂದೆ.

"ನೀ ಸುಮ್ಮನಿರು. ಬೀಗರಿಗೆ ಗೊತ್ತಾದ್ರ ಏನಂದಾರು? ಕುಬಸಕ್ಕ ಬರೋ ಮುಂದ ಡ್ರೈವರನ ತೊಡಿ ಮ್ಯಾಲ ಕುಂತ ಬಂದ್ಲಂತ."

"ಕುಂದ್ರಬ್ಯಾಡ್ರಿ, ಹಾಯ್ರಿ" ಎಂದ ಫಕ್ಕೀರಪ್ಪ.

"ನಿನ್ನ ಅವ್ವನ್ನ ಹಾಯಿಸ್ತಿದ್ದ್ಯೇನೋ?"

ಬಸ್ಸು ಮತ್ತೊಮ್ಮೆ ನರಳಿತು. ಗುಡ್ಡಪ್ಪ ರಸ್ತೆಯಿಂದ ಕಣ್ಣು ಕೀಳಲಿಲ್ಲ. ಅವನ ಕತ್ತಿನ ನರಗಳು ಹಗ್ಗದಂತೆ ಎದ್ದಿದ್ದವು. ಅವನು ಹೇಳಿದ, "ಎವ್ವಾ, ಮಗಾ ಅಂತ ತಿಳಕೊಂಡ ಹಾಯಿ. ತಡಾ ಮಾಡಬ್ಯಾಡ."

ದೊಡ್ಡವ್ವ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ, "ಹಂಗಂದ್ರ ಬ್ಯಾರೆ ಮಾತು" ಎಂದಳು. ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಕಚ್ಚೆ ಬಿಗಿಮಾಡಿಕೊಂಡು, ಅವನ ಹೆಗಲು ಹಿಡಿದು, ತೊಡೆಯ ಮೇಲೆ ಕಾಲಿಟ್ಟು ಹಾಯ್ದು ಹೋದಳು. ಅವಳ ಹಿಂದೆ ನಾನು, ಬುಟ್ಟಿ, ಸೀರೆಗಂಟು. ನನ್ನ ಹಿಂದೆ ಉಳಿದವರೆಲ್ಲ. ಒಮ್ಮೆ ಹಿರಿಯಳೊಬ್ಬಳು ಮಗನೆಂದು ಒಪ್ಪಿದ ಮೇಲೆ ಉಳಿದ ಹೆಂಗಸರಿಗೆ ಅವನು ಅಣ್ಣ, ತಮ್ಮ, ಮೈದುನ ಏನೇನೋ ಆದ. ಅಷ್ಟೂ ಸಂಬಂಧಗಳ ಭಾರ ಅವನ ಆ ಎರಡು ತೊಡೆಗಳ ಮೇಲೆಯೇ ಹಾಯ್ದು ಹೋಯಿತು. ಕಡೆಗೆ ಸಾಬರು. ಸಾಬರು ಹಾಯುವಾಗ ಗುಡ್ಡಪ್ಪನ ಬಾಯಿಂದ ಆ ಇಡೀ ಹೊತ್ತಿನಲ್ಲಿ ಮೊದಲ ಸಲ "ಅಪ್ಪಾ" ಎಂಬ ಶಬ್ದ ಹೊರಟಿತು.

ಎಲ್ಲರೂ ಗಟ್ಟಿ ನೆಲ ಸೇರಿದೆವು. ಒಬ್ಬರನ್ನೊಬ್ಬರು ಮುಟ್ಟಿ ನೋಡಿಕೊಂಡೆವು. ಆಗಲೇ ನಮ್ಮೆಲ್ಲರಿಗೂ ಹೊಳೆದದ್ದು: ಇಳಿಯದೆ ಉಳಿದವನು ಒಬ್ಬನಿದ್ದಾನೆ. ಅವನು ಇಳಿಯಬೇಕಾದರೆ ಕಾಲು ತೆಗೆಯಬೇಕು. ಕಾಲು ತೆಗೆದರೆ ಗಾಡಿ ನಿಲ್ಲುವುದಿಲ್ಲ. ಈಗ ಒಳಗೆ ಭಾರವಾಗಿ ಕೂಡುವವರೂ ಯಾರೂ ಇಲ್ಲ.

ಫಕ್ಕೀರಪ್ಪ, ಸಾಬರು, ಇತರರು ಗೋಡೆ ಕಟ್ಟಲು ತಂದಿಟ್ಟಿದ್ದ ದೊಡ್ಡ ಕಲ್ಲುಗಳ ಕಡೆಗೆ ಓಡಿದರು. ಗಾಲಿ ಉರುಳದಂತೆ ಹಿಂದೆ ಅಡ್ಡ ಕೊಡಬೇಕು. ಒಂದೊಂದು ಕಲ್ಲನ್ನು ಉರುಳಿಸಿಕೊಂಡು ಬರಲು ಮೂರು ನಾಲ್ಕು ಜನ ಬೇಕು. ನಾನೂ ಓಡಿದೆ. ಸಿಕ್ಕ ಕಲ್ಲುಗಳಲ್ಲಿ ಸಣ್ಣದನ್ನು ಆರಿಸಿಕೊಂಡೆ. ಸಾಬರು ಅದನ್ನು ನೋಡಿ, "ಅದನ್ನ ಕಿಸೇದಾಗ ಇಟ್ಕೋ ತಮ್ಮಾ" ಎಂದು ಬೇರೆ ಕಲ್ಲು ತೋರಿಸಿದರು.

ದೊಡ್ಡವ್ವ ಮಾತ್ರ ದಂಡೆಗೆ ಬರಲಿಲ್ಲ. ಯಾರು ಕರೆದರೂ ಬರಲಿಲ್ಲ. ಬುಟ್ಟಿಯನ್ನು ಕಸಿದುಕೊಂಡು ಹೋಗಿ ಡ್ರೈವರನ ಬಾಗಿಲ ಹತ್ತಿರವೇ ನಿಂತಳು. ನಾನು ಕಲ್ಲು ಉರುಳಿಸುತ್ತ ಹೋಗಿ ಬರುವಾಗ ಅವರ ಮಾತು ತುಣುಕು ತುಣುಕಾಗಿ ಕೇಳುತ್ತಿತ್ತು.

"ಯಾವೂರೋ ಎಪ್ಪಾ ನಿಂದು?"

"ಹಿರೇಬೆಂಡಿಗೇರಿ."

"ಮನ್ಯಾಗ ಯಾರ್ಯಾರು ಅದಾರ?"

"ಹೇಂತಿ. ಒಂದ ಹುಡುಗಿ."

"ಅವ್ವ?"

"ಇಲ್ಲ."

ಮತ್ತೊಂದು ಕಲ್ಲು ತರುವಷ್ಟರಲ್ಲಿ ಅವಳು ಬುಟ್ಟಿಯ ಬಟ್ಟೆ ಬಿಚ್ಚಿದ್ದಳು. ಗಿರಿಜಕ್ಕನ ಬಾಯಿಗೇ ಮೊದಲು ಬೀಳಬೇಕಾದ ಕರಚೀಕಾಯಿಯನ್ನು ಕಿಟಕಿಯಿಂದ ಕೈ ಚಾಚಿ ಅವನ ಬಾಯಿಗೆ ಇಡುತ್ತಿದ್ದಳು. ಅವನು ಒಲ್ಲೆನೆಂದು ತಲೆ ಅಲ್ಲಾಡಿಸಲೂ ಹೆದರಿ, ಬಾಯಿ ತೆರೆದು ತಿನ್ನುತ್ತಿದ್ದ.

"ಕಾಲ ಜುಮ್ ಅನ್ನಾಕತ್ತೈತೇನು?"

"ಕಾಲ ಐತೋ ಇಲ್ಲೋ ತಿಳಿವಲ್ದು."

"ಐತಿ, ಐತಿ. ನಾ ನೋಡಾಕತ್ತೇನಿ. ಅಗಿ ನೀ."

ಕಲ್ಲುಗಳು ಗಾಲಿಗಳ ಹಿಂದೆ ಕೂತವು. ಫಕ್ಕೀರಪ್ಪ ಬಗ್ಗಿ ನೋಡಿ, "ಆತು, ಕಾಲ ತಗಿ" ಎಂದ. ಗುಡ್ಡಪ್ಪ ತೆಗೆಯಲಿಲ್ಲ. ಎಲ್ಲರೂ ಕೂಗಿದರು. ಅವನು ಮುಂದೆ ನೋಡುತ್ತಲೇ ಕುಳಿತಿದ್ದ. ಬಾಯಲ್ಲಿ ಅರ್ಧ ಕರಚೀಕಾಯಿ ಹಾಗೇ ಇತ್ತು. "ಬರವಲ್ದು" ಎಂದ. "ಕಾಲ ಮ್ಯಾಲಕ್ಕ ಬರವಲ್ದು."

ಆ ಕ್ಷಣದ ಭಯವನ್ನು ನಾನು ಇನ್ನೂ ಯಾರಿಗೂ ಸರಿಯಾಗಿ ಹೇಳಲು ಆಗಿಲ್ಲ. ಬಸ್ಸು ವಾಲಿದಾಗಿನ ಭಯ ನಮ್ಮದು, ಅದು ನಮ್ಮ ಜೊತೆ ಇಳಿದು ಬಂದಿತ್ತು. ಇದು ಬೇರೆ. ಒಳ್ಳೆಯ ಮನುಷ್ಯನೊಬ್ಬ ನಮ್ಮನ್ನೆಲ್ಲ ಇಳಿಸಿ, ತಾನು ಮಾತ್ರ ಇಳಿಯಲಾರದೆ ನಮ್ಮ ಎದುರಿಗೇ ಕುಳಿತಿದ್ದ.

ದೊಡ್ಡವ್ವ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡಳು. ಹೊತ್ತು ಮುಳುಗಿದ ಮೇಲೂ ಆಟ ಬಿಟ್ಟು ಬಾರದ ಹುಡುಗರನ್ನು ನಮ್ಮ ಕಡೆ ತಾಯಂದಿರು ಕರೆಯುವ ಒಂದು ದನಿ ಇದೆ. ಅದರಲ್ಲಿ ಸಿಟ್ಟೂ ಇರುತ್ತದೆ, ಅನ್ನವೂ ಇರುತ್ತದೆ. ಆ ದನಿಯಲ್ಲಿ ಹೇಳಿದಳು.

"ಏ ಗುಡ್ಡ್ಯಾ, ಎದ್ದ ಬಾ ಉಣ್ಣಾಕ. ಎಷ್ಟಂತ ಬಾಗಲದಾಗ ನಿಂದರ್ಲಿ ನಾನು?"

ಅವನ ಕಾಲು ಮೇಲೆ ಬಂತು. ಎಡಗಾಲು ಕೆಳಗಿಟ್ಟ, ಬಲಗಾಲನ್ನು ಕೈಯಿಂದ ಎತ್ತಿ ಹೊರಗಿಟ್ಟ, ದೊಡ್ಡವ್ವನ ಹೆಗಲ ಮೇಲೆ ಬಿದ್ದ. ಅವರಿಬ್ಬರನ್ನೂ ನಾವು ಎಳೆದುಕೊಂಡು ಈಚೆ ಬರುವಷ್ಟರಲ್ಲಿ ಬಸ್ಸು ಕಲ್ಲುಗಳ ಮೇಲೆ ಒರಗಿ, ಇನ್ನೊಂದು ಗೇಣು ವಾಲಿ, ನಿಂತಿತು.

ಅದು ಹಾಗೇ ಬಹಳ ದಿನ ನಿಂತಿತ್ತು. ದಾರಿ ಬಂದಾದದ್ದರಿಂದ ಸುದ್ದಿ ದೂರದವರೆಗೆ ಹೋಯಿತು. ಇಷ್ಟು ವರ್ಷದ ಅರ್ಜಿಗಳಿಗೆ ಬಾರದ ಸಾಹೇಬರು ಛತ್ರಿ ಹಿಡಿದುಕೊಂಡು ಬಂದು ನೋಡಿದರು. ಹಳೆಯದಕ್ಕೆ ತೇಪೆ ಹಾಕುವುದು ಬೇಡ, ಹೊಸದೇ ಆಗಲಿ ಎಂದರು. ಎಂಬತ್ತರ ದಶಕ ಅರ್ಧ ಕಳೆಯುವ ಮೊದಲೇ ಸಿಮೆಂಟಿನ ಕಂಬಗಳ ಮೇಲೆ ಅಗಲವಾದ ಸೇತುವೆ ಎದ್ದಿತು. ಎರಡು ಬಸ್ಸು ಒಮ್ಮೆಗೇ ದಾಟಬಹುದು. ನಮ್ಮಲ್ಲಿ ಒಂದು ಸೇತುವೆಗೆ ಹಣ ಬರಬೇಕಾದರೆ ಅದು ಸುದ್ದಿಯಾಗಬೇಕು, ಸುದ್ದಿಯಾಗಬೇಕಾದರೆ ಮುರಿಯಬೇಕು, ಸುಮ್ಮನೆ ಮುರಿದರೆ ಸಾಲದು, ಮೇಲೆ ಯಾರಾದರೂ ಇರಬೇಕು. ಆ ಯಾರಾದರೂಗಳಲ್ಲಿ ಒಬ್ಬನಾಗಿದ್ದೆ ಎಂಬುದೇ ದೇಶದ ಅಭಿವೃದ್ಧಿಗೆ ನಾನು ಸಲ್ಲಿಸಿದ ಸೇವೆ.

ಆ ದಿನದ್ದು ಇನ್ನೊಂದು ಸ್ವಲ್ಪ ಉಳಿದಿದೆ. ಗಾಡಿ ಕಾಯಲು ಫಕ್ಕೀರಪ್ಪ ನಿಂತ. ಸುದ್ದಿ ಮುಟ್ಟಿಸಲು ಗುಡ್ಡಪ್ಪ ನಮ್ಮ ಜೊತೆ ತಿಳವಳ್ಳಿಗೆ ಹೊರಟ. ಮಳೆಯಲ್ಲಿ ನಡೆದುಕೊಂಡೇ ಹೋದೆವು. ಅವನು ಬಲಗಾಲು ಎಳೆಯುತ್ತಿದ್ದ, ಆದರೂ ಬುಟ್ಟಿಯನ್ನು ದೊಡ್ಡವ್ವನ ಕೈಯಿಂದ ಇಸಿದುಕೊಂಡು ತನ್ನ ತಲೆಯ ಮೇಲಿಟ್ಟುಕೊಂಡಿದ್ದ.

ಗಿರಿಜಕ್ಕನ ಮನೆಯ ಬಾಗಿಲಲ್ಲಿ ಬೀಗತಿ ನಿಂತಿದ್ದಳು. ಹೊತ್ತಾದದ್ದಕ್ಕೆ ಅವಳ ಮುಖ ಬಿಗಿದಿತ್ತು. ಕೆಸರು ಮೆತ್ತಿದ ನಮ್ಮನ್ನು ನೋಡಿದಳು, ಅರ್ಧ ಖಾಲಿಯಾದ ಬುಟ್ಟಿಯನ್ನು ನೋಡಿದಳು, ಅದನ್ನು ಹೊತ್ತವನನ್ನು ನೋಡಿದಳು. "ಇವರು ಯಾರು?" ಎಂದು ಕೇಳಿದಳು.

"ಗಿರಿಜಾನ ಅಣ್ಣ" ಎಂದಳು ದೊಡ್ಡವ್ವ.

ಬೀಗತಿ ಅವನನ್ನು ಅಡಿಯಿಂದ ಮುಡಿಯವರೆಗೆ ಮತ್ತೊಮ್ಮೆ ನೋಡಿದಳು. ಗಿರಿಜಕ್ಕನಿಗೆ ಒಡಹುಟ್ಟಿದವರಿಲ್ಲ ಎಂಬುದು ಲಗ್ನದ ಮಾತುಕತೆಯಲ್ಲೇ ಆ ಮನೆಗೆ ಗೊತ್ತಿದ್ದ ವಿಷಯ. ಒಳಗಿನಿಂದ ತುಂಬಿದ ಹೊಟ್ಟೆ ಹೊತ್ತು ಗಿರಿಜಕ್ಕ ಬಂದಳು. ಅವ್ವನ ಮುಖ ನೋಡಿದಳು, ಆಮೇಲೆ ಆ ಅಪರಿಚಿತನ ಮುಖ ನೋಡಿದಳು. ತಂಬಿಗೆಯಲ್ಲಿ ನೀರು ತಂದು ಅವನ ಮುಂದೆ ಹಿಡಿದು, "ಅಣ್ಣಾ, ಕಾಲ ತೊಳಕೋ ಬಾ" ಎಂದಳು.

ಗುಡ್ಡಪ್ಪ ಕಂಬ ಹಿಡಿದುಕೊಂಡು ಎಡಗಾಲು ತೊಳೆದುಕೊಂಡ. ಬಲಗಾಲನ್ನು ಎತ್ತಲು ನೋಡಿದ. ಅದು ಏಳಲಿಲ್ಲ. ಹಾಸುಗಲ್ಲನ್ನು ಬಲವಾಗಿ ಒತ್ತಿ ಹಿಡಿದು ನಿಂತೇ ಇತ್ತು. ಗಿರಿಜಕ್ಕ ಅವಸರ ಮಾಡಲಿಲ್ಲ. ತಂಬಿಗೆ ಹಿಡಿದುಕೊಂಡು, ತನ್ನ ಬೆನ್ನಿಗೆ ಒಂದು ಕೈ ಕೊಟ್ಟು, ಕಾಯುತ್ತ ನಿಂತಳು.